ನೂರು ಕಿಲೋ ಸಾಂಜೋವೇಸೆ ಮತ್ತು ಚಿಕ್ಕದಾದ ಡ್ರಮ್

ಕಳೆದ ಸೆಪ್ಟೆಂಬರ್ ಕೊನೆಗೆ ಗ್ರೇವೆ ಊರಿನ ಹತ್ತಿರದ ರೈತರೊಬ್ಬರಿಂದ 100 ಕಿಲೋ ಸಾಂಜೋವೇಸೆ ದ್ರಾಕ್ಷಿ ಫ್ಲಾರೆನ್ಸ್‌ನ ಮನೆಗೆ ತಂದೆ. ಕಿಯಾಂತಿ ವೈನಿನ ಜೀವಾಳವೇ ಈ ದ್ರಾಕ್ಷಿ. (ಬೆಂಗಳೂರಿನ ಗೆಳೆಯರು ‘ಚಿಯಾಂಟಿ’ ಅಂತಾರೆ. ಇಲ್ಲಿ ಹಾಗಂದರೆ ನಗ್ತಾರೆ.) ಆದರೆ ನಾನು ಮಾಡಿದ್ದನ್ನು ಕಿಯಾಂತಿ ಅನ್ನುವ ಹಾಗಿಲ್ಲ. ಬಾಟಲಿಗೆ ಕಿಯಾಂತಿ ಕ್ಲಾಸಿಕೋದ (ಕಿಯಾಂತಿಯ ಮೂಲ ಪ್ರದೇಶದ ವೈನ್) ಕಪ್ಪು ಹುಂಜದ ಗುರುತು ಬೇಕಾದರೆ ಶೇ. 80ಕ್ಕೆ ಕಮ್ಮಿಯಿಲ್ಲದಷ್ಟು ಸಾಂಜೋವೇಸೆ ಇರಬೇಕು, ತೋಟವೂ ಗೊತ್ತಾದ ಗಡಿಯೊಳಗೇ ಇರಬೇಕು. 1716ರಲ್ಲೇ ಇಲ್ಲಿನ ದೊರೆ ಮೂರನೇ ಕೊಸಿಮೊ ಕಿಯಾಂತಿಗೆ ಗಡಿ ಹಾಕಿದ್ದ. ನನ್ನದು ಸುಮ್ನೆ ಮನೆ ವೈನ್.

ತೊಟ್ಟು ಬಿಡಿಸಿ, ಹಣ್ಣು ಒಡೆದು, ಸಿಪ್ಪೆ ಸಮೇತ 100 ಲೀಟರ್ ಡ್ರಮ್ಮಿಗೆ ತುಂಬಿದೆ. ರಸಕ್ಕೆ ಹೆಚ್ಚು ಬಣ್ಣವಿರುವುದಿಲ್ಲ, ಕೆಂಪು ಬರುವುದು ಸಿಪ್ಪೆಯಿಂದ. ತಪ್ಪು ಮಾಡಿದ್ದೂ ಇಲ್ಲೇ. ಅಂಚಿನವರೆಗೆ ತುಂಬಿಬಿಟ್ಟಿದ್ದೆ. ಎರಡನೇ ದಿನ ಬೆಳಗ್ಗೆ ನೆಲಮಾಳಿಗೆಗೆ ಇಳಿದರೆ ಚಪ್ಪಲಿ ನೆಲಕ್ಕೆ ಅಂಟಿತು. ದೋಸೆ ಹಿಟ್ಟು ಉಕ್ಕಿದ ಹಾಗೆ ಉಕ್ಕಿ, ನೇರಳೆ ರಸವೆಲ್ಲ ನೆಲದ ಮೇಲೆ! ಕಾಲು ಭಾಗ ಬಕೆಟ್ಟಿಗೆ ಬಗ್ಗಿಸಿದೆ.

ಹುದುಗುವಾಗ ಗಾಳಿಗುಳ್ಳೆಗಳು ಸಿಪ್ಪೆಯನ್ನು ಮೇಲಕ್ಕೆ ತಳ್ಳುತ್ತವೆ. ಅದು ಗಟ್ಟಿ ಪದರವಾಗಿ ನಿಲ್ಲುತ್ತದೆ. ಇಟಲಿಯವರು ಅದಕ್ಕೆ ‘ಕಪ್ಪೆಲ್ಲೋ’, ಅಂದರೆ ಟೋಪಿ, ಅಂತಾರೆ. ಟೋಪಿ ಒಣಗಿದರೆ ವಿನೆಗರ್ ಆಗುವ ಭಯ. ದಿನಕ್ಕೆ ಮೂರು ಸಲ ಮರದ ಕೋಲಿನಿಂದ ಒತ್ತಿ ಮುಳುಗಿಸಿದೆ. ಒತ್ತಿದಾಗ ಬಿಸಿಯಾದ ಉಸಿರು ಮುಖಕ್ಕೆ ಬಡಿಯುತ್ತದೆ. ಅದು ಇಂಗಾಲದ ಡೈಆಕ್ಸೈಡ್, ಹಾಗಾಗಿ ಕಿಟಕಿ ತೆರೆಯದೆ ಒಳಗೆ ನಿಲ್ಲಬಾರದು.

ಹನ್ನೊಂದು ದಿನದ ಮೇಲೆ ಸೋಸಿ, ಸಿಪ್ಪೆ ಹಿಂಡಿ, 54 ಲೀಟರಿನ ‘ದಮಿಜಾನ’ ಎಂಬ ದೊಡ್ಡ ಗಾಜಿನ ಬುರುಡೆಗೆ ತುಂಬಿದೆ. ಉಳಿದದ್ದು ಬಾಟಲಿಗಳಿಗೆ. ಗಾಳಿ ಸೋಕದಿರಲಿ ಅಂತ ಬುರುಡೆಯ ಕತ್ತಿನಲ್ಲಿ ಎಣ್ಣೆಯ ತೆಳು ಪದರ. ಹಿಂದೆ ಹುಲ್ಲು ಸುತ್ತಿದ ಫಿಯಾಸ್ಕೋ ಬಾಟಲಿಗೂ ಹೀಗೇ ಆಲಿವ್ ಎಣ್ಣೆ ಬಿಡುತ್ತಿದ್ದರಂತೆ.

ನವೆಂಬರಿನಲ್ಲಿ ರುಚಿ ನೋಡಿದರೆ ಹಸಿ ಮಾವಿನಕಾಯಿ! ಆಮೇಲೆ ಬ್ಯಾಕ್ಟೀರಿಯಾಗಳು ಆ ಚೂಪು ಹುಳಿಯನ್ನು ಲ್ಯಾಕ್ಟಿಕ್ ಆಮ್ಲವಾಗಿಸಿದವು. ನಮ್ಮ ಮೊಸರಿನಲ್ಲಿರುವುದೂ ಅದೇ ಅಲ್ವಾ. ಏಪ್ರಿಲ್ ಹೊತ್ತಿಗೆ ಒಗರು ಇನ್ನೂ ಸ್ವಲ್ಪ ಜಾಸ್ತಿಯೇ ಇತ್ತು. ಬರೀ ಕುಡಿದರೆ ನಾಲಿಗೆ ಜೋಮು ಹಿಡಿದಂತೆ. ಟೊಮೆಟೊ ಸಾಸಿನ ಪಾಸ್ತಾ, ಪೆಕೊರಿನೊ ಚೀಸ್ ಜೊತೆ ಕುಡಿದಾಗ ಅದೇ ಒಗರು ಹಿತವಾಯಿತು.

ಈ ಸಲಕ್ಕೆ 150 ಲೀಟರ್ ಡ್ರಮ್ ತಂದಿಟ್ಟಿದ್ದೇನೆ.