ಒಂದೇ ತಟ್ಟೆಯಲ್ಲಿ ಎರಡು ತಳಿಗಳು: ನನ್ನ ಅನುಭವ

ಮೊಟ್ಟೆಕೋಳಿಗಳ ಹಿಂಡೊಂದಕ್ಕೆ ಕುಡಿಯುವ ನೀರಿನ ಮೂಲಕ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಜೀವಂತ ಲಸಿಕೆ ಕೊಟ್ಟು ಮೂರು ವಾರಗಳಾಗಿದ್ದಾಗ, ಆ ಹಿಂಡಿನ ಹಿಕ್ಕೆಯ ಮಾದರಿ ನನ್ನ ಬಳಿ ಪರೀಕ್ಷೆಗೆ ಬಂತು. ಎಕ್ಸ್‌ಎಲ್‌ಡಿ ಅಗರ್ (ಸಾಲ್ಮೊನೆಲ್ಲಾವನ್ನು ಗುರುತಿಸಲು ಬಳಸುವ ಮಾಧ್ಯಮ) ತಟ್ಟೆಯ ಮೇಲೆ ನಡುವೆ ಕಪ್ಪಾದ ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾದ ಗುಂಪುಗಳು, ಎದ್ದವು. ಪ್ರತಿಕಾಯಗಳಿರುವ ಸೀರಮ್ ಬೆರೆಸಿ ನೋಡುವ ಪರೀಕ್ಷೆಯಲ್ಲಿ ಅವು ಸಾಲ್ಮೊನೆಲ್ಲಾದ ಎಂಟೆರಿಟಿಡಿಸ್ ಎಂಬ ಬಗೆ ಎಂದು ತಿಳಿಯಿತು. ಆದರೆ ಲಸಿಕೆಯಲ್ಲಿದ್ದದ್ದೂ ಎಂಟೆರಿಟಿಡಿಸ್ಸೇ ಆದ್ದರಿಂದ, ಇದು ನಾವೇ ಕೊಟ್ಟ ತಳಿಯೋ, ಹೊರಗಿನಿಂದ ಬಂದ ರೋಗಕಾರಕ ಕ್ಷೇತ್ರತಳಿಯೋ ಎಂಬುದನ್ನು ಸೀರಮ್ ಹೇಳಲಾರದು.

ಆ ಲಸಿಕೆಯ ತಳಿ ಪ್ರತಿಜೀವಕ ಔಷಧಗಳಾದ ಸ್ಟ್ರೆಪ್ಟೊಮೈಸಿನ್ ಮತ್ತು ರಿಫಾಂಪಿಸಿನ್‌ಗಳಿಗೆ ಬಗ್ಗದು, ಎರಿತ್ರೊಮೈಸಿನ್‌ಗೆ ಸೋಲುತ್ತದೆ. ಕ್ಷೇತ್ರತಳಿಯ ಹೊರಪೊರೆ ಎರಿತ್ರೊಮೈಸಿನ್ನನ್ನು ಒಳಗೆ ಬಿಡದಿರುವುದರಿಂದ ಆ ಔಷಧ ಹೀರಿಸಿ ಅಗರ್ ಮೇಲಿಟ್ಟ ಕಾಗದದ ಬಿಲ್ಲೆಯ ಸುತ್ತ ಬೆಳವಣಿಗೆ ನಿಲ್ಲುವುದಿಲ್ಲ. ಲಸಿಕೆಯ ತಳಿಯ ಪೊರೆ ಸಡಿಲವಾದದ್ದು, ಹಾಗಾಗಿ ಅಲ್ಲಿ ಅಗಲವಾದ ಖಾಲಿ ವೃತ್ತ ಮೂಡುತ್ತದೆ. ನನ್ನ ಮಟ್ಟಿಗೆ ಈ ಮೂರರಲ್ಲಿ ಹೆಚ್ಚು ನಂಬಬಹುದಾದ ಗುರುತು ಇದೇ, ಏಕೆಂದರೆ ಸ್ಟ್ರೆಪ್ಟೊಮೈಸಿನ್ ನಿರೋಧ ಕ್ಷೇತ್ರತಳಿಗಳಲ್ಲೂ ಸಿಗುತ್ತದೆ, ಅದೊಂದನ್ನೇ ನೆಚ್ಚಿಕೊಂಡರೆ ರೋಗವನ್ನೇ ಲಸಿಕೆಯೆಂದು ಬರೆದುಬಿಡುವ ಅಪಾಯವಿದೆ.

ಅಂದು ನಾನು ತಪ್ಪಿದ್ದು ಬೇರೆ ಕಡೆ. ಒಂದೇ ಕಾಲೊನಿಯನ್ನು ಆರಿಸಿ ಪರೀಕ್ಷಿಸಿದೆ, ಮೂರೂ ಗುರುತುಗಳು ಲಸಿಕೆಗೆ ಹೊಂದಿದವು, ಹಾಗೆಯೇ ವರದಿ ಕೊಟ್ಟೆ. ಮುಂದಿನ ಮಾದರಿಯಲ್ಲಿ ಕ್ಷೇತ್ರತಳಿ ಸಿಕ್ಕಾಗ, ಶೀತಕದಲ್ಲಿ ಉಳಿಸಿದ್ದ ಹಳೆಯ ತಟ್ಟೆಯನ್ನು ತೆಗೆದು ಹತ್ತು ಕಾಲೊನಿಗಳನ್ನು ಬೇರೆ ಬೇರೆಯಾಗಿ ಬೆಳೆಸಿದೆ. ಎಂಟು ಲಸಿಕೆಯವು, ತುಸು ದೊಡ್ಡದಾಗಿ ಬೆಳೆದಿದ್ದ ಎರಡು ಕಾಲೊನಿಗಳಲ್ಲಿ ಎರಿತ್ರೊಮೈಸಿನ್ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಹಬ್ಬಿತ್ತು. ಆ ನಡುವಿನ ದಿನಗಳಲ್ಲಿ ಆ ಹಿಂಡಿನ ಮೊಟ್ಟೆಗಳು ಮನೆಮನೆಗೆ ಹೋಗಿದ್ದವೆಂಬ ಯೋಚನೆ ನನ್ನನ್ನು ಬಹಳ ಕಾಡಿತು.

ಆಮೇಲೆ ಪ್ರತಿ ತಟ್ಟೆಯಿಂದ ಕನಿಷ್ಠ ಐದು ಕಾಲೊನಿಗಳನ್ನು, ಗಾತ್ರ ಬೇರೆಯಾಗಿ ಕಂಡವನ್ನು ತಪ್ಪದೆ ಸೇರಿಸಿ, ಪರೀಕ್ಷಿಸುತ್ತೇನೆ. ಲಸಿಕೆಯ ಬಾಟಲಿಯಿಂದಲೇ ಬೆಳೆಸಿದ ತಳಿಯನ್ನೂ ಗೊತ್ತಿರುವ ಕ್ಷೇತ್ರತಳಿಯನ್ನೂ ಅದೇ ದಿನ, ಅದೇ ಅಗರ್‌ನ ಮೇಲೆ ಜೊತೆಗಿಡುತ್ತೇನೆ.

ಯಾವ ಲಸಿಕೆ ಎಂಬುದನ್ನು ಮೊದಲೇ ಕೇಳಿ ತಿಳಿಯುವುದೂ ಅಷ್ಟೇ ಅಗತ್ಯ. ಅಡೆನಿನ್ ಮತ್ತು ಹಿಸ್ಟಿಡಿನ್ ಎಂಬ ಪೋಷಕಾಂಶಗಳಿಲ್ಲದೆ ಬೆಳೆಯಲಾರದ ಲಸಿಕೆ ತಳಿಯೊಂದಿದೆ. ಅದಕ್ಕೆ ಬಿಲ್ಲೆಗಳ ಬದಲು, ಆ ಎರಡೂ ಇರುವ ಮತ್ತು ಇಲ್ಲದ ‘ಕನಿಷ್ಠ ಮಾಧ್ಯಮ’ಗಳು (ಬೆಳವಣಿಗೆಗೆ ತೀರ ಅಗತ್ಯವಾದಷ್ಟೇ ಪೋಷಕಾಂಶಗಳಿರುವವು) ಬೇಕು. ಬ್ಯಾಕ್ಟೀರಿಯಾವನ್ನು ಮೊದಲು ಲವಣದ್ರಾವಣದಲ್ಲಿ ಎರಡು ಬಾರಿ ತೊಳೆಯದಿದ್ದರೆ, ಹಳೆಯ ಮಾಧ್ಯಮದಿಂದ ಅಂಟಿಕೊಂಡು ಬಂದ ಪೋಷಕಾಂಶವೇ ಅದನ್ನು ತುಸು ಬೆಳೆಸಿ, ಕ್ಷೇತ್ರತಳಿಯೆಂಬ ತಪ್ಪು ಭಾವನೆ ಹುಟ್ಟಿಸುತ್ತದೆ.

ವರದಿಯಲ್ಲಿ ಈಗ ‘ಲಸಿಕೆ ತಳಿ’ ಎಂದಷ್ಟೇ ಬರೆಯದೆ, ಎಷ್ಟು ಕಾಲೊನಿಗಳನ್ನು ನೋಡಿದೆ, ಅವುಗಳಲ್ಲಿ ಯಾವುದು ಎಷ್ಟು ಎಂಬುದನ್ನು ನಮೂದಿಸುತ್ತೇನೆ. ಐದರಲ್ಲಿ ಒಂದು ಕ್ಷೇತ್ರತಳಿಯಾದರೂ ಹಿಂಡಿಗೆ ಸೋಂಕಿದೆ ಎಂದೇ ತಿಳಿಸುತ್ತೇನೆ.