ಸಮ್ಮರ್ ವರ್ಕ್‌ಶಾಪಿಗೆ ದುಡ್ಡು ಕಟ್ಟೋ ಮುಂಚೆ ಮನೆ ಅಳೀರಿ
ಫಸ್ಟ್ ಪಿಯು ರಜೆಯಲ್ಲಿ ಮಕ್ಕಳನ್ನ ಆರ್ಕಿಟೆಕ್ಚರ್ ಸಮ್ಮರ್ ವರ್ಕ್‌ಶಾಪಿಗೆ ಹಾಕ್ಬೇಕು ಅಂತಿರೋರು, ಫೀಸ್ ಕಟ್ಟೋಕ್ಕೆ ಮುಂಚೆ ಒಂದು ವೀಕೆಂಡ್ ಅವರ ಕೈಗೆ ಟೇಪ್ ಕೊಟ್ಟು ಸ್ವಂತ ಮನೆನೇ ಅಳೆಸಿ, 1:50 ಸ್ಕೇಲಲ್ಲಿ (1 ಮೀಟರ್ ಅಂದ್ರೆ ಹಾಳೆ ಮೇಲೆ 2 ಸೆಂ.ಮೀ.) ಪ್ಲಾನ್ ಮತ್ತೆ ಒಂದು ಸೆಕ್ಷನ್ ಬರೆಸಿ. ಸೆಕ್ಷನ್ ಅಂದ್ರೆ ಮನೇನ ಹಲಸಿನಹಣ್ಣು ಸೀಳಿದ ಹಾಗೆ ಸೀಳಿ ನೋಡೋದು, ಮೆಟ್ಟಿಲ ಹತ್ರ ಸೀಳಿದ್ರೆ ಮಜಾ. ಯಾಕಂದ್ರೆ ಬಿ.ಆರ್ಕ್ (ಆರ್ಕಿಟೆಕ್ಚರ್ ಡಿಗ್ರಿ) ಐದು ವರ್ಷ, ಅಲ್ಲಿ ಚಂದದ ಸ್ಕೆಚ್ಚಿಗಿಂತ ಅಳೆಯೋದು, ತಪ್ಪಿದ್ದನ್ನ ಮತ್ತೆ ಬರೆಯೋದು ಇದೇ ಜಾಸ್ತಿ, ಗೋಡೆ ದಪ್ಪ ಬಿಟ್ಟುಹೋಗಿ ರೂಮುಗಳು ಒಂದಕ್ಕೊಂದು ಕೂಡದೇ ಇದ್ದಾಗ ಸಿಟ್ಟು ಬರತ್ತೋ ಕುತೂಹಲ ಬರತ್ತೋ ಅನ್ನೋದ್ರಲ್ಲೇ ಈ ಓದು ಅವರಿಗೆ ಒಗ್ಗತ್ತಾ ಅಂತ ಅರ್ಧ ಗೊತ್ತಾಗತ್ತೆ. ಆದ್ರೆ ಮಾಡೆಲ್ ಮಾಡೋದು, ಹತ್ತು ಜನರ ಮುಂದೆ ಡ್ರಾಯಿಂಗ್ ಅಂಟಿಸಿ ಬೈಸ್ಕೊಳ್ಳೋದು ಇದರಲ್ಲಿ ಬರಲ್ಲ, ಅದಕ್ಕೆ ವರ್ಕ್‌ಶಾಪೇ ಬೇಕು, ಸೇರಿಸುವಾಗ ಕೊನೆ ದಿನ ಜೂರಿ (ಹೀಗೆ ಎಲ್ಲರ ಮುಂದೆ ಕೆಲಸ ತೋರಿಸಿ ವಿಮರ್ಶೆ ಕೇಳೋದು) ಇದೆಯಾ ಅಂತ ಕೇಳಿ, ಬರೀ ಸರ್ಟಿಫಿಕೇಟ್ ಇದ್ರೆ ಬಿಡಿ. ನಾಟಾ (ಬಿ.ಆರ್ಕ್ ಪ್ರವೇಶ ಪರೀಕ್ಷೆ) ಸ್ಕೋರಿಗೂ ಇದು ಸಾಕಾಗಲ್ಲ, ಅದರ ತಯಾರಿ ಬೇರೆನೇ. ಅಂದಹಾಗೆ ಅಪ್ಪ ಟೇಪಿನ ಇನ್ನೊಂದು ತುದಿ ಹಿಡ್ಕೊಂಡ್ರೆ ಸಾಕು, ಬರೆಯೋಕ್ಕೆ ಕೂರಬೇಡಿ.