ತುಮಕೂರಿನಲ್ಲಿ ಬಾಡಿಗೆ ಮನೆ ಹುಡುಕಿದ ನನ್ನ ಅನುಭವ

ನಮ್ಮ ಯಜಮಾನರಿಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ ದೊರೆತು ನಾವು ತಿಪಟೂರಿನಿಂದ ತುಮಕೂರಿಗೆ ಬರಬೇಕಾದಾಗ, ಬಾಡಿಗೆಗೆಂದು ತಿಂಗಳಿಗೆ 9,000 ರೂಪಾಯಿಗಿಂತ ಹೆಚ್ಚು ತೆಗೆದಿಡಲು ನಮ್ಮಿಂದ ಆಗುತ್ತಿರಲಿಲ್ಲ. ಬೆಂಗಳೂರು ಇಲ್ಲಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿರುವುದರಿಂದ ದಿನವೂ ರೈಲಿನಲ್ಲಿ ಹೋಗಿಬರುವ ನೌಕರರು ನಿಲ್ದಾಣದ ಸುತ್ತಮುತ್ತ ಮನೆ ಹಿಡಿಯುತ್ತಾರೆ. ಸಿದ್ಧಗಂಗಾ ತಾಂತ್ರಿಕ ಕಾಲೇಜಿನ ಆಸುಪಾಸಿನಲ್ಲಿ ವಿದ್ಯಾರ್ಥಿಗಳು ನಾಲ್ಕೈದು ಮಂದಿ ಸೇರಿ ಬಾಡಿಗೆ ಹಂಚಿಕೊಳ್ಳುತ್ತಾರೆ. ನಮಗೆ ನಿಲ್ದಾಣವಾಗಲಿ ಕಾಲೇಜಾಗಲಿ ಹತ್ತಿರವಿರಬೇಕಿರಲಿಲ್ಲವಾದ್ದರಿಂದ ಆ ಅನುಕೂಲಗಳಿಗೆಂದು ಹೆಚ್ಚು ಬಾಡಿಗೆ ತೆರುವುದು ಸರಿಯೆನಿಸಲಿಲ್ಲ. ಕಾರ್ಖಾನೆಯ ಬಸ್ಸು ಶಿರಾ ಗೇಟಿನಲ್ಲಿ ನಿಲ್ಲುತ್ತಿತ್ತು. ಅಲ್ಲಿಗೆ ನಡೆದು ಹೋಗಬಹುದಾದ ಬೀದಿಗಳನ್ನಷ್ಟೇ ಗುರುತು ಹಾಕಿಕೊಂಡು ಹುಡುಕಲು ಆರಂಭಿಸಿದೆವು.

ದಲ್ಲಾಳಿಗಳು ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಆಗಿ ಕೇಳಿದರು. ಮೊಬೈಲ್ ಆ್ಯಪ್‌ಗಳಲ್ಲಿ ಕಂಡದ್ದು ಹೆಚ್ಚಾಗಿ ಹೊಸ ಅಪಾರ್ಟ್‌ಮೆಂಟಿನ ಫ್ಲ್ಯಾಟುಗಳು, ಅವುಗಳಿಗೆ ಬಾಡಿಗೆಯ ಮೇಲೆ ನಿರ್ವಹಣಾ ಶುಲ್ಕ ಬೇರೆ. ಮಾಲೀಕರು ಕೆಳಗಿದ್ದು ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುವಂಥ ಮನೆಗಳು ಗೇಟಿಗೆ ತೂಗುಹಾಕಿದ ಫಲಕದಿಂದ, ಇಲ್ಲವೇ ದಿನಸಿ ಅಂಗಡಿಯವರಿಂದ ಮತ್ತು ಇಸ್ತ್ರಿ ಮಾಡುವವರಿಂದ ಮಾತ್ರ ತಿಳಿಯುತ್ತವೆ. ನಮಗೆ ಮನೆ ತೋರಿಸಿದ್ದು ಇಸ್ತ್ರಿ ಅಂಗಡಿಯವರೇ.

ನಾನು ಹೆಚ್ಚು ಹೊತ್ತು ವಿಚಾರಿಸಿದ್ದು ನೀರಿನ ಬಗ್ಗೆ. ನಗರಕ್ಕೆ ಬುಗುಡನಹಳ್ಳಿ ಕೆರೆಯ ಮೂಲಕ ಹೇಮಾವತಿ ನೀರು ಪೂರೈಕೆಯಾಗುತ್ತದೆ, ಆದರೆ ನಾವು ನೋಡಿದ ಬೀದಿಗಳಲ್ಲಿ ನಲ್ಲಿ ನೀರು ದಿನವೂ ಬರುತ್ತಿರಲಿಲ್ಲ. ಹೀಗಾಗಿ ಸಂಪು ಎಷ್ಟು ದೊಡ್ಡದು, ಅದನ್ನು ಎಷ್ಟು ಮನೆಗಳು ಹಂಚಿಕೊಳ್ಳುತ್ತವೆ, ಬೇಸಿಗೆಯಲ್ಲಿ ಕೊಳವೆಬಾವಿ ಬತ್ತುತ್ತದೆಯೇ, ಟ್ಯಾಂಕರ್ ತರಿಸಿದರೆ ದುಡ್ಡು ಯಾರು ಕೊಡಬೇಕು ಎಂಬುದನ್ನು ಮಾಲೀಕರ ಬಳಿ ಕೇಳಿದ ಮೇಲೆ ಪಕ್ಕದ ಮನೆಯ ಬಾಡಿಗೆದಾರರ ಬಳಿಯೂ ಕೇಳುತ್ತಿದ್ದೆ. 7,500 ರೂಪಾಯಿಯ ಒಂದು ಮನೆಯನ್ನು, ಏಪ್ರಿಲ್ ಬಂತೆಂದರೆ ಟ್ಯಾಂಕರೇ ಗತಿ ಎಂದು ಪಕ್ಕದ ಮನೆಯಾಕೆ ತಿಳಿಸಿದ ಕಾರಣಕ್ಕೇ ಬಿಟ್ಟೆವು. ಅದರ ಬಾಡಿಗೆಗೆ ನೀರಿನ ಖರ್ಚು ಕೂಡಿಸಿದರೆ ಅದು 9,000 ರೂಪಾಯಿಯನ್ನು ಮೀರುತ್ತಿತ್ತು.

ಎರಡನೆಯದಾಗಿ ವಿದ್ಯುತ್ ಮೀಟರ್ ನೋಡಿದೆವು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯು ಬಾಡಿಗೆದಾರರಿಗೂ ಅನ್ವಯಿಸುತ್ತದೆಯಾದರೂ ಅದು ಬೆಸ್ಕಾಂ ಪ್ರತಿ ವಿದ್ಯುತ್ ಸಂಪರ್ಕಕ್ಕೆ ನೀಡುವ ಆರ್.ಆರ್. ಸಂಖ್ಯೆಗೆ ಜೋಡಣೆಯಾಗುವುದರಿಂದ, ಪ್ರತಿ ಮಹಡಿಗೂ ಪ್ರತ್ಯೇಕ ಮೀಟರ್ ಇರಬೇಕು. ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆಯನ್ನು ತೆಗೆಸಿದ ಮೇಲೆಯೇ ನಮ್ಮದನ್ನು ಸೇರಿಸಬೇಕೆಂಬುದನ್ನೂ ಮಾಲೀಕರಿಗೆ ಮೊದಲೇ ಹೇಳಿದೆವು.

ಭೋಗ್ಯಕ್ಕೆ ಮನೆಗಳಿದ್ದವು. ಲಕ್ಷಗಟ್ಟಲೆ ಹಣವನ್ನು ಒಟ್ಟಿಗೆ ಕೊಟ್ಟರೆ ತಿಂಗಳ ಬಾಡಿಗೆ ಇರುವುದಿಲ್ಲ, ನಿಜ. ಆದರೆ ಆ ಮೊತ್ತ ಹಿಂತಿರುಗುವುದು ಮಾಲೀಕರಿಗೆ ಮುಂದಿನ ಭೋಗ್ಯದಾರ ಸಿಕ್ಕಿದಾಗಲೇ ಎಂಬ ಸಂದರ್ಭಗಳು ಎಷ್ಟೋ ಇವೆ. ಸಾಲ ಮಾಡಿ ಭೋಗ್ಯಕ್ಕೆ ಹೋಗಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ನಮಗೆ ಒಪ್ಪಿಗೆಯಾದ ಮನೆಗೆ 9,500 ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್ ಹೇಳಿದ್ದರು. ಆಗ ಆಷಾಢ. ಶಾಲೆ ಕಾಲೇಜುಗಳಿಗೆಂದು ಬರುವವರು ಜೂನ್ ಹೊತ್ತಿಗೇ ಮನೆ ಹಿಡಿದಿರುತ್ತಾರೆ. ಉಳಿದವರು ಶ್ರಾವಣ ಬರಲೆಂದು ಕಾಯುತ್ತಾರೆ. "ಅಮ್ಮ, ನಾವು ಈಗಲೇ ಬೀಗದ ಕೈ ತೆಗೆದುಕೊಂಡು ಈ ತಿಂಗಳಿಂದಲೇ ಬಾಡಿಗೆ ಕೊಡುತ್ತೇವೆ, ಹಾಲು ಮಾತ್ರ ಶ್ರಾವಣದಲ್ಲಿ ಉಕ್ಕಿಸುತ್ತೇವೆ" ಎಂದು ಮಾಲೀಕರ ಪತ್ನಿಯನ್ನು ಕೇಳಿಕೊಂಡೆ. ಖಾಲಿ ಬಿದ್ದಿರುವ ಮನೆಯಿಂದ ಅವರಿಗೂ ಪ್ರಯೋಜನವಿರಲಿಲ್ಲ. ಬಾಡಿಗೆ 8,500ಕ್ಕೂ ಅಡ್ವಾನ್ಸ್ 60,000ಕ್ಕೂ ಇಳಿಯಿತು.

ಕರಾರು ಪತ್ರವನ್ನು ರೂಢಿಯಂತೆ 11 ತಿಂಗಳಿಗೆ ಬರೆಸಿದೆವು, ಏಕೆಂದರೆ ಒಂದು ವರ್ಷವನ್ನು ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ವರ್ಷಕ್ಕೆ ಬಾಡಿಗೆ ಶೇಕಡಾ 5ಕ್ಕಿಂತ ಹೆಚ್ಚಬಾರದು, ಖಾಲಿ ಮಾಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನಷ್ಟೇ ಹಿಡಿಯಬೇಕು, ಉಳಿದ ಅಡ್ವಾನ್ಸನ್ನು ಬೀಗದ ಕೈ ಒಪ್ಪಿಸಿದ ದಿನವೇ ಕೊಡಬೇಕು ಎಂಬ ಮೂರು ಮಾತುಗಳನ್ನು ಕೇಳಿ ಸೇರಿಸಿಕೊಂಡೆವು. ಅಡ್ವಾನ್ಸನ್ನು ನಗದಾಗಿ ಕೊಡದೆ ಬ್ಯಾಂಕ್ ಮೂಲಕ ವರ್ಗಾಯಿಸಿದೆವು. ಸಾಮಾನು ಇಳಿಸುವ ಮೊದಲು ಬಿರುಕು ಬಿಟ್ಟ ಗೋಡೆ, ಸೋರುವ ನಲ್ಲಿ ಮತ್ತು ಮೀಟರಿನ ಅಂಕಿಗಳ ಚಿತ್ರ ತೆಗೆದು ಮಾಲೀಕರ ವಾಟ್ಸಾಪ್‌ಗೆ ಕಳುಹಿಸಿದೆವು. ನಲ್ಲಿಯನ್ನು ಅವರು ಅದೇ ವಾರ ಸರಿಪಡಿಸಿಕೊಟ್ಟರು.